ರೋಮನ್ ಕಂಚಿನ ನಾಣ್ಯ: ಮಣ್ಣು ಹೋಗಬೇಕು, ಹಸಿರು ಉಳಿಯಬೇಕು

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನಲ್ಲಿ. ಆನ್‌ಲೈನ್‌ನಲ್ಲಿ 'ಶುಚಿ ಮಾಡದ ರೋಮನ್ ನಾಣ್ಯಗಳು' ಎಂದು ಮಾರುತ್ತಿದ್ದ ಒಂದು ಸಣ್ಣ ಲಾಟ್ ಕೊಂಡೆ. ಎಲ್ಲಕ್ಕೂ ಮಣ್ಣು ಮೆತ್ತಿದೆ, ನಡುನಡುವೆ ಹಸಿರು ಇಣುಕುತ್ತದೆ. ಆ ಹಸಿರು ಕೆಡದಂತೆ ಮಣ್ಣನ್ನಷ್ಟೇ ತೆಗೆಯುವುದು ಹೇಗೆ? ಊರಿನಿಂದ ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕು ಅಂತಿದ್ದಾರೆ.

ಉತ್ತರ: ಅಮ್ಮನ ಮಾತು ದೇವರ ಮನೆಯ ದೀಪಕ್ಕೆ ಸರಿ, ಈ ನಾಣ್ಯಕ್ಕೆ ಖಂಡಿತ ಬೇಡ. ನಿಂಬೆರಸ, ವಿನೆಗರ್, ಕೋಲಾ, ಪಾತ್ರೆ ಬೆಳಗುವ ಪುಡಿ, ಯಾವುದೂ ಬೇಡ. ದೀಪಕ್ಕೆ ಹಿಡಿದ ಕಿಲುಬು ಮೇಲುಮೇಲಿನದು, ತಿಕ್ಕಿದರೆ ಅಡಿಯಲ್ಲಿ ಹಿತ್ತಾಳೆ ಇದ್ದ ಹಾಗೇ ಸಿಗುತ್ತದೆ. ಸಾವಿರದ ಆರುನೂರು ವರ್ಷ ಮಣ್ಣಲ್ಲಿದ್ದ ಕಂಚಿನಲ್ಲಿ ಲೋಹದ ಹೊರಭಾಗವೇ ಖನಿಜವಾಗಿಬಿಟ್ಟಿರುತ್ತದೆ. ಲೋಹಕ್ಕೆ ತಾಗಿಕೊಂಡು ಕೆಂಗಂದು ಬಣ್ಣದ ಕ್ಯುಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್, ಕೆಲವೊಮ್ಮೆ ನೀಲಿ ಅಜುರೈಟ್. ಇದನ್ನೇ ಸಂಗ್ರಾಹಕರು ಪಟಿನಾ ಅನ್ನುವುದು. ಚಕ್ರವರ್ತಿಯ ಮೂಗಿನ ತುದಿ, ಅಕ್ಷರಗಳ ಅಂಚು ಉಳಿದಿರುವುದು ಈ ಪದರದಲ್ಲೇ. ಆಮ್ಲದಿಂದ ಅದನ್ನು ಕರಗಿಸಿದರೆ ಕೈಗೆ ಬರುವುದು ಗುಳಿಬಿದ್ದ, ಮುಖವಿಲ್ಲದ ತಾಮ್ರದ ಚೂರು. ನೀರಿಗೆ ವಿದ್ಯುತ್ ಹಾಯಿಸಿ ಮಾಡುವ ಶುದ್ಧಿಯ ಫಲವೂ ಹೆಚ್ಚುಕಡಿಮೆ ಇಷ್ಟೇ.

ಇಂಥ ಲಾಟ್‌ಗಳಲ್ಲಿ ಬರುವುದು ಬಹುಪಾಲು ನಾಲ್ಕನೇ ಶತಮಾನದ, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲದ ಚಿಲ್ಲರೆ ನಾಣ್ಯಗಳು, ಅಗಲ 15–18 ಮಿ.ಮೀ. ಆಸುಪಾಸು. ಒಳ್ಳೆಯವನ್ನು ಯಾರೋ ಮೊದಲೇ ಆರಿಸಿಕೊಂಡಿರುತ್ತಾರೆ, ಆಸೆ ಸ್ವಲ್ಪ ಕಡಿಮೆಯೇ ಇರಲಿ. ಇಬ್ಬರು ಸೈನಿಕರು ಎದುರುಬದುರು ನಿಂತ 'ಗ್ಲೋರಿಯಾ ಎಕ್ಸರ್ಸಿಟಸ್' ಮಾದರಿಯದು ಒಂದಾದರೂ ಸಿಕ್ಕೀತು. 330ರಿಂದ ಐದಾರು ವರ್ಷ ಆ ಸೈನಿಕರ ನಡುವೆ ಎರಡು ಧ್ವಜದಂಡಗಳಿದ್ದವು, ಆಮೇಲೆ ನಾಣ್ಯದ ತೂಕ ಇಳಿಸಿ ಒಂದೇ ಮಾಡಿದರು. ಅವರ ಕಾಲಡಿಯ ಗೆರೆಯ ಕೆಳಗೆ ಟಂಕಸಾಲೆಯ ಗುರುತು: ಟಿ, ಆರ್ ಇದ್ದರೆ ಇಂದಿನ ಜರ್ಮನಿಯ ಟ್ರಿಯರ್, ಎಸ್, ಐ, ಎಸ್ ಇದ್ದರೆ ಇಂದಿನ ಕ್ರೊಯೇಷಿಯಾದ ಸಿಸ್ಕಿಯಾ. ಮಿಲಿಮೀಟರ್ ಲೆಕ್ಕದ ಆ ಅಕ್ಷರಗಳು ಕೆರೆದುಹೋದರೆ ನಾಣ್ಯ ಯಾವ ಊರಿನದು ಅಂತ ಹೇಳುವವರಿಲ್ಲ.

ಹಾಗಾಗಿ ಡಿಸ್ಟಿಲ್ಡ್ ವಾಟರ್‌ನಿಂದ ಶುರು ಮಾಡಿ. ನಲ್ಲಿ ನೀರಿನ ಕ್ಲೋರಿನ್ ಕಂಚಿಗೆ ಶತ್ರು. ನಾಣ್ಯಗಳು ಒಂದಕ್ಕೊಂದು ತಾಗದಂತೆ ಗಾಜಿನ ಬಟ್ಟಲಲ್ಲಿ ಮುಳುಗಿಸಿ, ನೀರು ಕಲಕಿದ ಹಾಗೆಲ್ಲ ಬದಲಿಸುತ್ತಾ ಹೋಗಿ. ವಾರಗಳೇ ಹಿಡಿದಾವು. ನಡುವೆ ತೆಗೆದು ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ತಡವಿದರೆ ಸಾಕು, ತಿಕ್ಕುವ ಅಗತ್ಯವಿಲ್ಲ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕುವ ಹಳೆಯ ರೂಢಿಯೊಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಎಣ್ಣೆಯ ಆಮ್ಲವೂ ನಿಧಾನವಾಗಿ ಪಟಿನಾವನ್ನು ತಿನ್ನುತ್ತದೆ, ಜಿಡ್ಡು ಬಿಡಿಸುವುದು ಇನ್ನೊಂದು ಗೋಳು.

ನೀರಿಗೆ ಬಗ್ಗದ ಮಣ್ಣಿಗೆ ಬಿದಿರಿನ ಕಡ್ಡಿ ಬೇಕು, ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಲಾಟ್‌ನಲ್ಲೇ ತೀರಾ ಸವೆದ ಒಂದೆರಡರ ಮೇಲೆ ಮೊದಲು ಕೈ ಪಳಗಲಿ. ಮುಖದ ಗೊಡವೆಗೆ ಹೋಗದೆ ಅಂಚಿನ ಒಂದು ಚುಕ್ಕೆಯಷ್ಟು ಜಾಗದಲ್ಲಿ ನೋಡಿ. ಮಣ್ಣು ಮಂಕಾಗಿ, ಪುಡಿಪುಡಿಯಾಗಿ ಉದುರುತ್ತದೆ. ಪಟಿನಾ ನುಣುಪು, ಗಟ್ಟಿ, ಕಡ್ಡಿ ಜಾರುತ್ತದೆ. ಜಾರಿತೆಂದರೆ ಅಲ್ಲಿಗೆ ನಿಲ್ಲಿಸಿ. ಹಸಿರಿನ ನಡುವೆ ಕೆಂಪು ಕಾಣಿಸಿದರೆ ಒಂದು ಪದರ ದಾಟಿದ್ದೀರಿ, ಲೋಹ ಮಿಂಚಿದರೆ ತಡವಾಯಿತು. ಸೂಜಿ, ಸ್ಕಾಲ್ಪೆಲ್ ಹಿಡಿಯುವವರೂ ಇದ್ದಾರೆ, ಆದರೆ ಅದು ಸೂಕ್ಷ್ಮದರ್ಶಕದ ಕೆಳಗೆ ಕೂತು ಕಲಿತವರ ಕೆಲಸ. ತಗ್ಗುಗಳಲ್ಲಿ ಒಂದಿಷ್ಟು ತಿಳಿಮಣ್ಣು ಉಳಿದರೆ ಉಳಿಯಲಿ. ಗಾಢ ಹಸಿರಿನ ನಡುವೆ ಅದರಿಂದಲೇ ಚಿತ್ರ ಎದ್ದು ಕಾಣುತ್ತದೆ. ಇದಕ್ಕೆ ಬೆಲೆ ಹೆಚ್ಚೆಂದು ಮರಳನ್ನು ಅಂಟಿಸಿ ಮಾರುವ ಚಾಲಾಕಿಗಳೂ ಇದ್ದಾರೆ. ಅಲ್ಲಲ್ಲಿ ಬೆಳ್ಳಗೆ ಹೊಳೆಯುವ ಪೊರೆ ಕಂಡರೆ ಬ್ರಷ್ ಕೂಡ ಮುಟ್ಟಿಸಬೇಡಿ: ಮೂರನೇ ಶತಮಾನದ ಕೊನೆಯಿಂದೀಚೆಗಿನ ಎಷ್ಟೋ ನಾಣ್ಯಗಳಿಗೆ ಅತಿ ತೆಳುವಾದ ಬೆಳ್ಳಿಯ ಲೇಪವಿತ್ತು.

ಉಳಿಸಿಕೊಳ್ಳಬಾರದ ಹಸಿರು ಒಂದಿದೆ. ತೀರಾ ತಿಳಿ ಬಣ್ಣದ್ದು, ಉಗುರಿಗೇ ಪುಡಿಯಾಗಿ ಬರುತ್ತದೆ, ಕೆಲವು ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ. ಇದು 'ಕಂಚಿನ ರೋಗ'. ಒಳಗೆ ಅವಿತ ತಾಮ್ರದ ಕ್ಲೋರೈಡ್ ಗಾಳಿಯ ತೇವದೊಡನೆ ಸೇರಿ ಆಮ್ಲ ಹುಟ್ಟಿಸುತ್ತದೆ, ಆ ಆಮ್ಲ ಇನ್ನಷ್ಟು ಲೋಹ ತಿನ್ನುತ್ತದೆ, ಹೀಗೇ ಸಾಗುತ್ತದೆ. ಅಂಥ ನಾಣ್ಯವನ್ನು ಬೇರೆ ಇಟ್ಟು ಆ ಪುಡಿ ಕೆರೆದು ತೆಗೆಯಿರಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ತೇವಾಂಶ ಶೇ. 40ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಿ. ಇದಕ್ಕೆ ಸಂಗ್ರಹಾಲಯಗಳವರು ಬಳಸುವ ಬೆಂಜೋಟ್ರೈಅಜೋಲ್ ಎಂಬ ರಾಸಾಯನಿಕ ವಿಷಕಾರಿ, ಅಡುಗೆಮನೆಯಲ್ಲಿ ಅದರ ಪ್ರಯೋಗ ಬೇಡ.

ಮೇಲಿನದೆಲ್ಲ ಕೊಂಡ ನಾಣ್ಯದ ಮಾತು. ಇಂಗ್ಲೆಂಡಿನ ಹೊಲದಲ್ಲಿ ನಿಮಗೇ ಸಿಕ್ಕರೆ ತೊಳೆಯುವ ಮೊದಲೇ, ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಸ್ಥಳೀಯ ಅಧಿಕಾರಿಗೆ ತೋರಿಸಿ. ಅಂಟಿದ ಮಣ್ಣೂ ಅವರಿಗೆ ಸಾಕ್ಷಿ. ನಮ್ಮಲ್ಲೂ ರೋಮನ್ ನಾಣ್ಯ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಒಂದು ರಾಶಿಯೇ ಸಿಕ್ಕಿತ್ತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದೊರೆತಿವೆ. ಅವು ಬೆಳ್ಳಿಯವು, ಈ ಹಸಿರಿನ ಲೆಕ್ಕಾಚಾರ ಅವಕ್ಕೆ ಹೊಂದುವುದಿಲ್ಲ. ಊರಲ್ಲಿ ಯಾರಿಗಾದರೂ ನೆಲ ಅಗೆಯುವಾಗ ಸಿಕ್ಕರೆ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಬೇಕು, ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ.

ಕೆಲಸ ಮುಗಿದ ಮೇಲೆ ನಾಣ್ಯವನ್ನು ಬೆಚ್ಚಗಿನ ಜಾಗದಲ್ಲಿ ಪೂರ್ತಿ ಒಣಗಿಸಿ, ರಿನೈಸಾನ್ಸ್ ವ್ಯಾಕ್ಸ್ ಎಂಬ ಮೇಣವನ್ನು ತೆಳುವಾಗಿ ಸವರಿ ಬಟ್ಟೆಯಿಂದ ಒರೆಸಿ. ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಮಾತ್ರ ಇಡಬೇಡಿ. ಅದು ಕಾಲಕ್ರಮೇಣ ಜಿನುಗಿ ನಾಣ್ಯದ ಮೇಲೆ ಅಂಟಂಟು ಹಸಿರು ಬಿಡುತ್ತದೆ. ಕಾಗದದ ಲಕೋಟೆ ಅಗ್ಗ, ಸಾಕು ಕೂಡ.