ಶೆಡ್ಡಿನೊಳಗೆ ಹೀಟರ್ ಇದ್ದರೂ ಕಾಲು ಯಾಕೆ ತಣ್ಣಗೆ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನಲ್ಲಿ. ಹಿತ್ತಲಿನ ಮರದ ಶೆಡ್ಡನ್ನೇ ಆಫೀಸು ಮಾಡಿಕೊಂಡಿದ್ದೇನೆ. ಹೀಟರ್ ಹಾಕಿದರೂ ಕಾಲು ಮರಗಟ್ಟುತ್ತದೆ. ದಪ್ಪ ಕಾರ್ಪೆಟ್ ಹಾಸಿದರೆ ಸಾಕಾ?

ಸಾಲದು. ನಾನೂ ಮೊದಲ ಚಳಿಗಾಲ ಕಾರ್ಪೆಟ್ಟನ್ನೇ ನಂಬಿದ್ದೆ, ಅದೂ ಅಡಿಯಲ್ಲಿ ರಬ್ಬರ್ ಇರುವಂಥದ್ದು. ಮಾರ್ಚಿನಲ್ಲಿ ಮೂಲೆ ಎತ್ತಿ ನೋಡಿದರೆ ಹಲಗೆ ತುಂಬಾ ಕಪ್ಪು ಬೂಷ್ಟು! ಕೆಂಪು ಗಾರೆ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗಿ ಬೆಳೆದವರಿಗೆ ನೆಲ ತಂಪಾಗಿದ್ದರೆ ಖುಷಿ. ನೆಲವನ್ನು ಬೆಚ್ಚಗಿಡಬೇಕು ಅನ್ನೋದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ, ಅಲ್ವಾ?

ಶೆಡ್ಡಿನ ನೆಲ ಅಂದರೆ ತೊಲೆಗಳ ಮೇಲೆ ಹೊಡೆದ ತೆಳು ಹಲಗೆ, ಅಷ್ಟೇ. ಅದರಡಿ ಗಾಳಿ ಓಡಾಡುತ್ತಲೇ ಇರುತ್ತದೆ. ಆ ಗಾಳಿಯನ್ನು ಮಾತ್ರ ಮುಚ್ಚಬೇಡಿ. ಅದು ನಿಂತರೆ ತೊಲೆ ಕೊಳೆಯುತ್ತದೆ. ಹಲಗೆ ಕಿತ್ತು, ತೊಲೆಗಳ ನಡುವೆ ಪಿಐಆರ್ (ಬಿಸಿ ಹೊರಹೋಗದಂತೆ ತಡೆಯುವ ಗಟ್ಟಿ ಪ್ಲಾಸ್ಟಿಕ್ ನೊರೆ) ಫೋಮ್ ಬೋರ್ಡ್ ಕೂರಿಸುವುದು ಸರಿಯಾದ ದಾರಿ. ಎರಡೂ ಮೈಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಅಂಟಿಸಿರುವ ಬೋರ್ಡ್ ಅದು. 50 ಮಿ.ಮೀ. ಪಿಐಆರ್ ಮಾಡುವ ಕೆಲಸಕ್ಕೆ ಬಿಳಿ ಥರ್ಮಾಕೋಲ್ ಸುಮಾರು 85 ಮಿ.ಮೀ. ಬೇಕು. ತೊಲೆ 100 ಮಿ.ಮೀ. ಆಳ ಇದ್ದರೆ ಅಷ್ಟೂ ದಪ್ಪದ ಬೋರ್ಡನ್ನೇ ಹಾಕಿ. ಅಗ್ಗದ ಶೆಡ್‌ಗಳಲ್ಲಿ 50 ಸಿಕ್ಕರೆ ಪುಣ್ಯ. ಬೋರ್ಡ್ ಕೆಳಗೆ ಬೀಳದಂತೆ ತೊಲೆಯ ಪಕ್ಕಕ್ಕೆ ರೀಪರ್ ಹೊಡೆಯಿರಿ.

ಜಾಸ್ತಿ ಜನ ಎಡವುವುದು ಪ್ಲಾಸ್ಟಿಕ್ ಶೀಟಿನ ವಿಷಯದಲ್ಲಿ. ನೆಲದ ತೇವ ಮೇಲೆ ಬರದಿರಲಿ ಅಂತ ಅದನ್ನು ತೊಲೆಗಳ ಅಡಿಗೆ ಹೊದಿಸಿಬಿಡುತ್ತಾರೆ. ಆದರೆ ಚಳಿಗಾಲದಲ್ಲಿ ಹಬೆ ಬರುವುದು ಒಳಗಿನಿಂದ: ನಿಮ್ಮ ಉಸಿರು, ಕಾಫಿ, ಒದ್ದೆ ಕೋಟು. ಅದು ಕೆಳಗಿಳಿದು ತಣ್ಣನೆಯ ಪ್ಲಾಸ್ಟಿಕ್ ತಾಗಿದರೆ ನೀರಾಗುತ್ತದೆ, ತೊಲೆ ಆ ನೀರಲ್ಲೇ ಕೂರುತ್ತದೆ. ಹಾಗಾಗಿ ಹಬೆ ತಡೆಯುವ ಪದರ ಯಾವಾಗಲೂ ಬೆಚ್ಚಗಿನ ಕಡೆ, ಅಂದರೆ ಬೋರ್ಡಿನ ಮೇಲ್ಗಡೆ. ಕೆಳಗೆ ಗಾಳಿಗೆ ಮರೆ ಬೇಕಿದ್ದರೆ ಹಬೆಯನ್ನು ಹೊರಬಿಡುವ ಬ್ರೀದರ್ ಮೆಂಬ್ರೇನ್ ಹಾಕಿ.

ಸಂದು ಬಿಟ್ಟರೆ ದುಡ್ಡು ದಂಡ. ಬೋರ್ಡನ್ನು ನಾಲ್ಕೈದು ಮಿ.ಮೀ. ಸಣ್ಣಗೆ ಕತ್ತರಿಸಿ, ಸಂದಿಗೆ ಉಬ್ಬುವ ಫೋಮ್ ತುಂಬಿ, ಮೇಲೆ ಫಾಯಿಲ್ ಟೇಪ್ ಹಚ್ಚಿ. ಗ್ಲೌಸ್ ಮರೆಯಬೇಡಿ, ಆ ಫೋಮ್ ಕೈಗೆ ಹತ್ತಿದರೆ ದಿನಗಟ್ಟಲೆ ಬಿಡುವುದಿಲ್ಲ. ಗಾಳಿಗುಳ್ಳೆಯ ಪ್ಲಾಸ್ಟಿಕ್‌ಗೆ ಫಾಯಿಲ್ ಅಂಟಿಸಿರುವ ಬಬಲ್ ಫಾಯಿಲ್ ರೋಲ್ ಅಗ್ಗಕ್ಕೆ ಸಿಗುತ್ತದೆ ನಿಜ. ಎರಡು ಹಲಗೆ ಮಧ್ಯೆ ಅದನ್ನು ಅಪ್ಪಚ್ಚಿ ಮಾಡಿದರೆ ಏನೂ ಉಪಯೋಗವಿಲ್ಲ, ಅದಕ್ಕೆ ಪಕ್ಕದಲ್ಲಿ ಖಾಲಿ ಜಾಗ ಬೇಕು.

ಕಾಂಕ್ರೀಟ್ ನೆಲವಾಗಿದ್ದರೆ ಲೆಕ್ಕ ಬೇರೆ. ತೇವ ನೇರವಾಗಿ ಕೆಳಗಿನಿಂದಲೇ ಬರುತ್ತದೆ. ಅಲ್ಲಿ ಮೊದಲು ದಪ್ಪ ಪಾಲಿಥೀನ್, ಮೇಲೆ ಬೋರ್ಡ್, ಅದರ ಮೇಲೆ ಹಬೆ ತಡೆಯುವ ಶೀಟ್, ಕೊನೆಗೆ ತೇವ ತಡೆಯುವ 18 ಮಿ.ಮೀ. ಚಿಪ್‌ಬೋರ್ಡ್. ಗೋಡೆ ಸುತ್ತ 10 ಮಿ.ಮೀ. ಜಾಗ ಬಿಡಿ, ಮರ ಹಿಗ್ಗುತ್ತದೆ.

ಹಲಗೆ ಕೀಳಲು ಆಗದೇ ಇದ್ದರೆ ಅದರ ಮೇಲೆಯೇ 25 ಮಿ.ಮೀ. ಬೋರ್ಡ್, ಹಬೆ ತಡೆಯುವ ಶೀಟ್, ಚಿಪ್‌ಬೋರ್ಡ್ ಹಾಸಬಹುದು. ಅದಕ್ಕೂ ಮೊದಲು ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿಕೊಳ್ಳಿ. ಒಳಗೆ ತೆರೆಯುವುದಾದರೆ ಅದರ ತಳವನ್ನು ನಾಲ್ಕೂವರೆ ಸೆಂ.ಮೀ. ಕೊಯ್ಯಬೇಕಾಗುತ್ತದೆ.