ಡೆಮೋದಲ್ಲಿ ಎಲ್ಲವೂ ಸಿಗುತ್ತದೆ

ಲೈಬ್ರರಿಗೆ ಹೊಸ ಸಾಫ್ಟ್‌ವೇರ್ ಮಾರಲು ಬಂದವರ ಡೆಮೋದಲ್ಲಿ ಹುಡುಕಿದ್ದೆಲ್ಲ ಸಿಗುತ್ತದೆ. ಸಿಗದೆ ಏನು, ಹುಡುಕುವ ಪದ ಆರಿಸಿದವರೇ ಅವರು ಅಲ್ವಾ? ಸಾಫ್ಟ್‌ವೇರ್ ಕೊಂಡ ಮಾರನೆಯ ವಾರ ಓದುಗರೊಬ್ಬರು ಲೇಖಕರ ಹೆಸರಲ್ಲಿ ಒಂದಕ್ಷರ ತಪ್ಪಾಗಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ 'ಯಾವುದೂ ಸಿಗಲಿಲ್ಲ' ಅಂತ ಬರುತ್ತದೆ. ಪುಸ್ತಕ ಮಾತ್ರ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತದೆ.

ಹುಡುಕಾಟ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಲೈಬ್ರೇರಿಯನ್ ಇದಕ್ಕೊಂದು ದಾರಿ ತೋರಿಸಿದರು. ವಿಮಾನ ವಿಜ್ಞಾನದ 1400 ಬರಹಗಳು, ಒಂದಷ್ಟು ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಬರಹ ಹೊಂದುತ್ತದೆ ಎಂಬ ಪಟ್ಟಿ. ಇಷ್ಟನ್ನು ಕೈಯಲ್ಲಿಟ್ಟುಕೊಂಡು ಬರಹಗಳನ್ನು ಹುಡುಕಲು ಬಳಸುವ ಬೇರೆ ಬೇರೆ ಬಗೆಯ ಸೂಚಿಗಳಿಗೆ (ಇಂಡೆಕ್ಸ್) ಅವೇ ಪ್ರಶ್ನೆಗಳನ್ನು ಕೊಟ್ಟು ನೋಡಿದರು. ಮುಖ್ಯ ಅಳತೆಗಳು ಎರಡು: ರೀಕಾಲ್ ಮತ್ತು ಪ್ರಿಸಿಷನ್.

ಲೈಬ್ರರಿಯಲ್ಲಿ ಜೇನ್ನೊಣದ ಬಗ್ಗೆ 20 ಪುಸ್ತಕಗಳಿವೆ ಅಂದುಕೊಳ್ಳಿ. ಹುಡುಕಿದಾಗ 10 ಬಂದವು. ಅದರಲ್ಲಿ 8 ಜೇನ್ನೊಣದವು, ಎರಡು ಜೇನುತುಪ್ಪದ ಅಡುಗೆಯವು. ಬಂದ ಹತ್ತರಲ್ಲಿ ಎಂಟು ಸರಿ, ಅಂದರೆ ಪ್ರಿಸಿಷನ್ 80%. ಇದ್ದ ಇಪ್ಪತ್ತರಲ್ಲಿ ಸಿಕ್ಕಿದ್ದು ಎಂಟೇ, ಹಾಗಾಗಿ ರೀಕಾಲ್ 40%. ಅಡುಗೆ ಪುಸ್ತಕ ಕಂಡರೆ ಓದುಗರು ಗೊಣಗುತ್ತಾರೆ. ಕಾಣದೇ ಹೋದ 12 ಪುಸ್ತಕಗಳ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಅವು ಇವೆ ಅಂತಲೇ ಗೊತ್ತಿರುವುದಿಲ್ಲವಲ್ಲ! ನನ್ನ ಪ್ರಕಾರ ಲೈಬ್ರರಿ ಸಾಫ್ಟ್‌ವೇರ್‌ನ ದೊಡ್ಡ ಸೋಲು ಇದೇ. ಹುಡುಕಾಟವನ್ನು ಸಡಿಲ ಮಾಡಿದರೆ ರೀಕಾಲ್ ಏರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಬೇಡದ್ದೂ ಜಾಸ್ತಿ ಬರುತ್ತದೆ. ಸಂಜೆ ಓದಲು ಒಂದು ಕಾದಂಬರಿ ಬೇಕಾದವರಿಗೂ, ಒಂದು ವಿಷಯದ ಎಲ್ಲ ಬರಹ ಬೇಕಾದ ಸಂಶೋಧಕರಿಗೂ ಬೇಕಾದದ್ದು ಒಂದೇ ಅಲ್ಲ.

ಹಾಗಾಗಿ ಡೆಮೋಗೆ ಮುಂಚೆ ಒಂದು ವಾರ ಕೌಂಟರ್‌ನಲ್ಲಿ ಜನ ಕೇಳುವುದನ್ನು ಕೇಳಿದ ಹಾಗೇ ಬರೆದಿಟ್ಟುಕೊಳ್ಳಿ, ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ. ಡೆಮೋದ ದಿನ ಆ ಪಟ್ಟಿ ಮುಂದಿಡಿ. ವೇಗ, ಬಣ್ಣ, ಮೆನು ಎಲ್ಲ ಆಮೇಲೆ.

ಇನ್ನೊಂದು ಪ್ರಶ್ನೆಯನ್ನು ಕೊಳ್ಳುವಾಗ ಕೇಳಲು ಮುಜುಗರ: ನಾಳೆ ಇದನ್ನು ಬಿಡಬೇಕಾದರೆ? ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿಯ ಹಳೆಯ ಸಾಫ್ಟ್‌ವೇರ್ 2000ನೇ ಇಸವಿಯ ದಿನಾಂಕಗಳನ್ನು ನಿಭಾಯಿಸುವಂತಿರಲಿಲ್ಲ. 1999ರಲ್ಲಿ ಅವರು ಹೊಸದನ್ನೇ ಬರೆಸಿ, 'ಕೋಹಾ' ಅಂತ ಹೆಸರಿಟ್ಟು, ಆಮೇಲೆ ಯಾರು ಬೇಕಾದರೂ ಉಚಿತವಾಗಿ ಬಳಸಲಿ ಅಂತ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ.

ಸಾಫ್ಟ್‌ವೇರ್ ಬದಲಾದರೂ ಉಳಿಯಬೇಕಾದ್ದು ಪುಸ್ತಕಗಳ ವಿವರ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಏವ್ರಮ್, ಆ ವಿವರವನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ 'ಮಾರ್ಕ್' ಎಂಬ ವಿನ್ಯಾಸವನ್ನು ರೂಪಿಸಿದರು, ಇಲ್ಲಿ ನೆರವಿಗೆ ಬರುವುದು ಅದೇ. ಪುಸ್ತಕದ ಹೆಸರು 245 ಎಂಬ ಸಂಖ್ಯೆಯ ಅಡಿಯಲ್ಲಿ ಕೂರುತ್ತದೆ, ಅದನ್ನು ಓದಬಲ್ಲ ಯಾವ ಸಾಫ್ಟ್‌ವೇರ್ ಆದರೂ ಸರಿ. 'ಮಾರ್ಕ್ ಇದೆ' ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ನೂರು ಪುಸ್ತಕಗಳ ವಿವರವನ್ನು ಫೈಲಾಗಿ ಹೊರತೆಗೆಸಿ, ಬೇರೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಲೇಖಕರ ಹೆಸರಿದ್ದ ಕಡೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ಕಂಡರೆ ಸಹಿ ಹಾಕಲು ಆತುರ ಬೇಡ.