ಕೌದಿಯ ಪ್ಯಾಟರ್ನನ್ನು ನಮಗೆ ಬೇಕಾದಂತೆ ಬದಲಾಯಿಸಬಹುದೇ?

ಪ್ರಶ್ನೆ: ಒಂದು ಕೌದಿಯ ಪ್ಯಾಟರ್ನ್ ಬಹಳ ಇಷ್ಟವಾಗಿದೆ. ಆದರೆ ಅದರಲ್ಲಿ ಕೊಟ್ಟಿರುವ ಅಳತೆ ನನ್ನ ಹಾಸಿಗೆಗೆ ಸಾಲುವುದಿಲ್ಲ, ಅದರಲ್ಲಿ ಹೇಳಿರುವ ಬಣ್ಣದ ಬಟ್ಟೆಗಳೂ ನನ್ನ ಬಳಿ ಇಲ್ಲ. ಅದನ್ನು ನನಗೆ ಬೇಕಾದ ಹಾಗೆ ಬದಲಾಯಿಸಿದರೆ, ಅಥವಾ ಪೂರ್ತಿ ಬದಿಗಿಟ್ಟು ಹೊಲಿದರೆ, ಕೆಲಸ ಕೆಡುತ್ತದೆಯೇ?

ಉತ್ತರ: ಕೆಡುವುದಿಲ್ಲ. ಆದರೆ ಯಾವುದನ್ನು ಬದಲಾಯಿಸುತ್ತಿದ್ದೀರಿ ಎಂಬುದು ತಿಳಿದಿರಬೇಕು. ಪ್ಯಾಟರ್ನಿನಲ್ಲಿ ಎರಡು ಬಗೆಯ ಮಾತುಗಳು ಬೆರೆತಿರುತ್ತವೆ. ಬಣ್ಣ, ಬ್ಲಾಕುಗಳ (ತುಂಡುಗಳನ್ನು ಜೋಡಿಸಿ ಹೊಲಿದ, ಕೌದಿಯಲ್ಲಿ ಮತ್ತೆ ಮತ್ತೆ ಬರುವ ಚೌಕಗಳ) ಸಂಖ್ಯೆ, ಅವುಗಳ ಜೋಡಣೆ, ಬಾರ್ಡರಿನ ಅಗಲ ಇವೆಲ್ಲ ಅದನ್ನು ರೂಪಿಸಿದವರ ಅಭಿರುಚಿಗೆ ಸೇರಿದವು. ಇವುಗಳಲ್ಲಿ ಒಂದನ್ನೂ ಪಾಲಿಸದಿದ್ದರೂ ಕೌದಿಗೆ ಏನೂ ಆಗುವುದಿಲ್ಲ. ಹೊಲಿಗೆಗೆ ಬಿಡುವ ಕಾಲು ಇಂಚು, ಬಟ್ಟೆಯ ಎಳೆಯ ದಿಕ್ಕು, ಮೇಲಿನ, ನಡುವಿನ, ಅಡಿಯ ಮೂರು ಪದರಗಳನ್ನು ಹಿಡಿದಿಡುವ ಹೊಲಿಗೆಗಳ ನಡುವಿನ ಅಂತರ ಇವು ಬಟ್ಟೆಯೇ ಕೇಳುವ ಸಂಗತಿಗಳು. ಪ್ಯಾಟರ್ನ್ ಇದ್ದರೂ ಇಲ್ಲದಿದ್ದರೂ ಇವುಗಳಿಗೆ ತಲೆಬಾಗಲೇಬೇಕು. ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಆಜ್ಞೆಯ ಧಾಟಿಯಲ್ಲಿ ಅಚ್ಚಾಗಿರುವುದರಿಂದ ಹೊಸಬರಿಗೆ ಎಲ್ಲವೂ ನಿಯಮದಂತೆಯೇ ಕಾಣುತ್ತದೆ.

ಹೆಚ್ಚಿನವರು ಎಡವುವುದು ಅಳತೆ ಹಿಗ್ಗಿಸುವಾಗ. ಕೌದಿ ದುಪ್ಪಟ್ಟು ದೊಡ್ಡದಾಗಬೇಕಾದರೆ ಪ್ರತಿ ತುಂಡಿನ ಅಳತೆಯನ್ನೂ ದುಪ್ಪಟ್ಟು ಮಾಡಿದರಾಯಿತು ಎಂಬ ಲೆಕ್ಕ ಸರಿಯೆಂದೇ ತೋರುತ್ತದೆ. ಒಂದು ದೊಡ್ಡ ಚೌಕದ ಪಕ್ಕದಲ್ಲಿ ಎರಡು ಸಣ್ಣ ಚೌಕಗಳು ಒಂದರ ಕೆಳಗೊಂದು ಬರುವ ಬ್ಲಾಕನ್ನು ತೆಗೆದುಕೊಳ್ಳಿ. ದೊಡ್ಡದನ್ನು 6½ ಇಂಚಿಗೂ ಸಣ್ಣವನ್ನು 3½ ಇಂಚಿಗೂ ಕತ್ತರಿಸಲು ಹೇಳಿದೆ ಎನ್ನೋಣ. ಎದುರುಬದುರಿನ ಎರಡು ಅಂಚುಗಳಲ್ಲೂ ಕಾಲು ಇಂಚು ಹೊಲಿಗೆಗೆ ಹೋಗುವುದರಿಂದ ಹೊಲಿದ ಮೇಲೆ ದೊಡ್ಡದು 6 ಇಂಚಾಗುತ್ತದೆ, ಸಣ್ಣವೆರಡೂ ಸೇರಿ 3 ಕೂಡಿಸು 3, ಅಂದರೆ 6 ಇಂಚೇ ಆಗುತ್ತವೆ. ಈಗ ಕತ್ತರಿಸುವ ಅಳತೆಗಳನ್ನೇ ದುಪ್ಪಟ್ಟು ಮಾಡಿದರೆ ದೊಡ್ಡದು 13 ಇಂಚು, ಸಣ್ಣವು ತಲಾ 7 ಇಂಚು. ಹೊಲಿದ ಮೇಲೆ ಒಂದು ಬದಿಯಲ್ಲಿ 12½ ಇಂಚು, ಇನ್ನೊಂದು ಬದಿಯಲ್ಲಿ 13 ಇಂಚು. ಅರ್ಧ ಇಂಚು ಎಲ್ಲಿಂದ ಬಂತೆಂದು ಹುಡುಕುತ್ತಾ ತಮ್ಮ ಹೊಲಿಗೆಯನ್ನೇ ದೂರಿಕೊಳ್ಳುವವರು ಬಹಳ, ದೋಷವಿರುವುದು ಲೆಕ್ಕದಲ್ಲಿ. ಹಿಗ್ಗಬೇಕಾದದ್ದು ಹೊಲಿದು ಮುಗಿದ ಮೇಲಿನ ಅಳತೆ, ಹೊಲಿಗೆಗೆ ಬಿಡುವ ಬಟ್ಟೆಯಲ್ಲ. ಆದ್ದರಿಂದ ಮೊದಲು ಪ್ರತಿ ತುಂಡಿನಿಂದ ಅರ್ಧ ಇಂಚು ಕಳೆಯಿರಿ, ಉಳಿದದ್ದನ್ನು ಹಿಗ್ಗಿಸಿ, ಕೊನೆಗೆ ಮತ್ತೆ ಅರ್ಧ ಇಂಚು ಕೂಡಿಸಿ: 6½ ಇಂಚಿನದು 12½ ಆಗುತ್ತದೆ, 3½ ಇಂಚಿನದು 6½ ಆಗುತ್ತದೆ.

ತ್ರಿಕೋನಗಳಿಗೆ ಈ ಅರ್ಧ ಇಂಚು ಸಾಲುವುದಿಲ್ಲ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿ ಎರಡು ತ್ರಿಕೋನ ಮಾಡುವುದಾದರೆ ಮುಗಿದ ಅಳತೆಗೆ 7/8 ಇಂಚು ಕೂಡಿಸಬೇಕು. ಎರಡೂ ಕರ್ಣಗಳಲ್ಲಿ ಸೀಳಿ ನಾಲ್ಕು ಮಾಡುವುದಾದರೆ 1¼ ಇಂಚು. ಎರಡು ಬಣ್ಣದ ತ್ರಿಕೋನಗಳನ್ನು ಸೇರಿಸಿ ಚೌಕ ಮಾಡುವಾಗ 7/8ರ ಬದಲು ಪೂರ್ತಿ ಒಂದು ಇಂಚು ಸೇರಿಸಿ ಕತ್ತರಿಸಿ, ಹೊಲಿದು ಇಸ್ತ್ರಿ ಮಾಡಿದ ಬಳಿಕ ಸರಿಯಾದ ಅಳತೆಗೆ ಅಂಚು ಸವರುವುದೇ ಮೇಲೆಂದು ನನ್ನ ಅಭಿಪ್ರಾಯ. ಓರೆಯಾಗಿ ಕತ್ತರಿಸಿದ ಅಂಚು ಕೈ ತಾಗಿದರೂ ಹಿಗ್ಗುವುದರಿಂದ ಈ ಸ್ವಲ್ಪ ಹೆಚ್ಚುವರಿ ಬಟ್ಟೆ ಬಹಳಷ್ಟು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಇಷ್ಟೆಲ್ಲ ಲೆಕ್ಕ ಬೇಡವೆನಿಸಿದರೆ ಬ್ಲಾಕನ್ನು ಮುಟ್ಟದೆ ಅದರ ಸಂಖ್ಯೆಯನ್ನು ಬದಲಾಯಿಸಿ. 12 ಇಂಚಿನ ಬ್ಲಾಕುಗಳು ಅಡ್ಡಕ್ಕೆ 5, ಉದ್ದಕ್ಕೆ 6 ಇದ್ದರೆ ಕೌದಿ 60 ಇಂಚು ಅಗಲ, 72 ಇಂಚು ಉದ್ದವಾಗುತ್ತದೆ. ಬ್ಲಾಕುಗಳ ನಡುವೆ ಮಾತ್ರ 2 ಇಂಚಿನ ಪಟ್ಟಿಗಳನ್ನು ಕೂಡಿಸಿದರೆ ಅದೇ ಬ್ಲಾಕುಗಳು 68 ಮತ್ತು 82 ಇಂಚಿಗೆ ಬೆಳೆಯುತ್ತವೆ. ಎರಡು ಬಗೆಯ ಬ್ಲಾಕುಗಳು ಒಂದು ಬಿಟ್ಟು ಒಂದು ಬರುವ ವಿನ್ಯಾಸವಾದರೆ ಒಂದು ಎಚ್ಚರಿಕೆ ಬೇಕು: ನಾಲ್ಕೂ ಮೂಲೆಗಳಲ್ಲಿ ಒಂದೇ ಬ್ಲಾಕ್ ಬರಬೇಕಾದರೆ ಅಡ್ಡ ಸಾಲು, ಉದ್ದ ಸಾಲು ಎರಡರ ಸಂಖ್ಯೆಯೂ ಬೆಸವಾಗಿರಬೇಕು.

ಬ್ಲಾಕುಗಳನ್ನು ವಜ್ರಾಕಾರದಲ್ಲಿ ತಿರುಗಿಸಿ ಕೂರಿಸುವುದು ಕಡಿಮೆ ಶ್ರಮದಲ್ಲಿ ಇಡೀ ಕೌದಿಯ ಮುಖವನ್ನೇ ಬದಲಿಸುವ ಉಪಾಯ. ಚೌಕದ ಕರ್ಣ ಅದರ ಬದಿಯ 1.414ರಷ್ಟಿರುವುದರಿಂದ 12 ಇಂಚಿನ ಬ್ಲಾಕ್ ಹೀಗೆ ತಿರುಗಿದಾಗ ಸುಮಾರು 17 ಇಂಚು ಅಗಲವನ್ನು ಆಕ್ರಮಿಸುತ್ತದೆ. ಅಂಚುಗಳಲ್ಲಿ ಉಳಿಯುವ ಖಾಲಿ ಜಾಗವನ್ನು ತ್ರಿಕೋನಗಳಿಂದ ತುಂಬಬೇಕಾಗುತ್ತದೆ. ಬದಿಯ ತ್ರಿಕೋನಗಳಿಗೆ 18¼ ಇಂಚಿನ ಚೌಕವನ್ನು ಎರಡೂ ಕರ್ಣಗಳಲ್ಲಿ ಸೀಳಿ ನಾಲ್ಕು ಮಾಡಿ; ಮೂಲೆಯವುಗಳಿಗೆ 9⅜ ಇಂಚಿನ ಎರಡು ಚೌಕಗಳನ್ನು ತಲಾ ಒಂದು ಕರ್ಣದಲ್ಲಿ ಸೀಳಿ. ಎರಡಕ್ಕೂ ಬೇರೆ ಬೇರೆ ರೀತಿಯಲ್ಲಿ ಕತ್ತರಿಸುವುದಕ್ಕೆ ಕಾರಣವಿದೆ: ಹೀಗೆ ಮಾಡಿದರೆ ಮಾತ್ರ ಕೌದಿಯ ಹೊರ ಅಂಚಿನ ಉದ್ದಕ್ಕೂ ನೇರ ಎಳೆ ಬರುತ್ತದೆ. ಓರೆ ಅಂಚು ಹೊರಗೆ ಬಂದರೆ ಕೌದಿಯ ಬದಿಗಳು ಅಲೆಅಲೆಯಾಗಿ ಏಳುತ್ತವೆ.

ಬಣ್ಣದ ವಿಷಯದಲ್ಲಿ ಪ್ಯಾಟರ್ನಿನ ಚಿತ್ರವನ್ನು ಮರೆಯುವುದೇ ಒಳ್ಳೆಯದು. ಆಕೃತಿಯನ್ನು ಎದ್ದು ಕಾಣಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ತಿಳಿ ಮತ್ತು ಗಾಢದ ಅಂತರ. ನಿಮ್ಮ ಬಟ್ಟೆಗಳನ್ನು ಒಟ್ಟಿಗೆ ಹರಡಿ, ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪುಬಿಳುಪಿಗೆ ತಿರುಗಿಸಿ ನೋಡಿ. ಕೆಂಪು ಮತ್ತು ಹಸಿರು ಒಂದೇ ಬೂದು ಬಣ್ಣವಾಗಿ ಬೆರೆತುಹೋದರೆ ನೀವು ಶ್ರಮಪಟ್ಟು ಹೊಲಿದ ನಕ್ಷತ್ರ ದೂರದಿಂದ ಕಾಣುವುದಿಲ್ಲ.

ಇನ್ನು ಪ್ಯಾಟರ್ನನ್ನೇ ಬಿಟ್ಟು ಹೊಲಿಯುವ ಮಾತು. ಇದಕ್ಕೆ ಬಹಳ ಗೌರವದ ಪರಂಪರೆಯಿದೆ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿನ ಆಫ್ರಿಕನ್ ಅಮೆರಿಕನ್ ಮಹಿಳೆಯರು ಸವೆದ ಕೆಲಸದ ಉಡುಪುಗಳ ತುಂಡುಗಳಿಂದ ತಲೆಮಾರುಗಳ ಕಾಲ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಅವರಲ್ಲಿ ಅನೇಕರು ಹೊಲಿದ ಹೌಸ್‌ಟಾಪ್ ಎಂಬ ವಿನ್ಯಾಸ ಒಂದು ಚೌಕದ ಸುತ್ತ ಮತ್ತೆ ಚೌಕದಂತೆ ಪಟ್ಟಿಗಳು ಬೆಳೆಯುವಂಥದು. ಅದು ಅವರ ಕೈಯಲ್ಲಿ ನಿಯಮವಾಗಿ ಉಳಿಯದೆ ಆರಂಭದ ಬಿಂದುವಾಗುತ್ತದೆ. ಪಟ್ಟಿಯ ಅಗಲ, ಬಣ್ಣ, ಅದು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಹೊಲಿಯುವವಳ ತೀರ್ಮಾನ. ಹೊಸದಾಗಿ ಪ್ರಯತ್ನಿಸುವವರಿಗೂ ನಾನು ಸೂಚಿಸುವುದು ಇದೇ ಬಗೆಯ ಕೆಲಸವನ್ನು. ನಡುವೆ ಒಂದು ತುಂಡನ್ನಿಟ್ಟು ಸುತ್ತಲೂ ನಿಮ್ಮ ಕಣ್ಣಿಗೆ ಒಪ್ಪುವ ಅಗಲದ ಪಟ್ಟಿಗಳನ್ನು ಜೋಡಿಸುತ್ತಾ ಹೋಗಿ, ಬೇಕಾದ ಅಳತೆಗಿಂತ ಸ್ವಲ್ಪ ದೊಡ್ಡದಾದ ಮೇಲೆ ಎಲ್ಲ ಬ್ಲಾಕುಗಳನ್ನೂ ಒಂದೇ ಅಳತೆಗೆ ಕತ್ತರಿಸಿಕೊಳ್ಳಿ. ಯಾವುದಾದರೂ ಚಿಕ್ಕದಾಯಿತೇ? ಒಂದು ಬದಿಗೆ ಇನ್ನೊಂದು ಪಟ್ಟಿ ಹಚ್ಚಿದರೆ ಮುಗಿಯಿತು. ಇಂಥ ಕೌದಿಯಲ್ಲಿ ಆ ಪಟ್ಟಿ ತೇಪೆಯಂತೆ ಕಾಣುವುದಿಲ್ಲ.

ಸ್ವತಂತ್ರವಾಗಿ ಹೊಲಿದಾಗಲೂ ಬಿಡಲಾಗದ ಒಂದೆರಡು ಸಂಗತಿಗಳಿವೆ. ಬ್ಯಾಟಿಂಗ್ ಎಂದು ಮಾರುವ ನಡುವಿನ ಪದರದ ಪೊಟ್ಟಣದ ಮೇಲೆ ಹೊಲಿಗೆಯ ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರವಿರಬಹುದು ಎಂದು ಬರೆದಿರುತ್ತಾರೆ. ಅದನ್ನು ಮೀರಿದರೆ ಒಗೆದಾಗ ಒಳಗಿನ ಹತ್ತಿ ಸರಿದು ಗಂಟುಕಟ್ಟಬಹುದು. ಬಾರ್ಡರನ್ನು ಪ್ಯಾಟರ್ನ್ ಹೇಳಿದ ಉದ್ದಕ್ಕೆ ಮೊದಲೇ ಕತ್ತರಿಸಿಡಬೇಡಿ. ಕೌದಿಯ ನಡುಭಾಗದಲ್ಲಿ ಅಳೆದು, ಆ ಉದ್ದಕ್ಕೆ ಕತ್ತರಿಸಿ, ಗುಂಡುಸೂಜಿಗಳಿಂದ ಹಿಡಿಸಿ ಹೊಲಿಯಿರಿ. ನಿಮ್ಮ ಹೊಲಿಗೆ ಕಾಲು ಇಂಚಿಗಿಂತ ಒಂದು ಇಂಚಿನ ಹದಿನಾರನೆಯ ಒಂದರಷ್ಟು ಹೆಚ್ಚಾದರೂ 9 ತುಂಡುಗಳ ಸಾಲಿನಲ್ಲಿ 8 ಹೊಲಿಗೆಗಳು ಸೇರಿ ಪೂರ್ತಿ ಒಂದು ಇಂಚನ್ನು ತಿಂದುಹಾಕುತ್ತವೆ. ಹೀಗಿರುವಾಗ ಕಾಗದದ ಮೇಲಿನ ಉದ್ದಕ್ಕೆ ನಿಮ್ಮ ಕೌದಿ ಹೊಂದುವುದು ಅಪರೂಪ.

ಎಷ್ಟೇ ಬದಲಾಯಿಸಿದರೂ ಬೇರೆಯವರ ಪ್ಯಾಟರ್ನಿನ ಪ್ರತಿ ತೆಗೆದು ಹಂಚುವುದು ಸರಿಯಲ್ಲ. ನೈನ್ ಪ್ಯಾಚ್, ಲಾಗ್ ಕ್ಯಾಬಿನ್‌ನಂಥ ಹಳೆಯ ಬ್ಲಾಕುಗಳು ಎಲ್ಲರ ಸ್ವತ್ತು. ಒಬ್ಬರ ಸ್ವಂತ ವಿನ್ಯಾಸದಿಂದ ಹೊರಟ ಕೌದಿಯನ್ನು ನಾಲ್ಕು ಜನರಿಗೆ ತೋರಿಸುವಾಗ ಅವರ ಹೆಸರನ್ನು ಹೇಳಬೇಕು.

ಅಳತೆ ಬದಲಾಯಿತೆಂದರೆ ಪ್ಯಾಟರ್ನಿನಲ್ಲಿ ಕೊಟ್ಟ ಬಟ್ಟೆಯ ಪ್ರಮಾಣವೂ ಸುಳ್ಳಾಯಿತೆಂದೇ ತಿಳಿಯಿರಿ. ಬದಿಗಳು ಒಂದೂವರೆ ಪಟ್ಟಾದರೆ ಮೇಲ್ಪದರದ ಬಟ್ಟೆ ಸುಮಾರು ಎರಡೂಕಾಲು ಪಟ್ಟು ಬೇಕಾಗುತ್ತದೆ. ಅಡಿಯ ಬಟ್ಟೆಯನ್ನು ನಾಲ್ಕೂ ಬದಿಗೆ 4 ಇಂಚು ಹೆಚ್ಚಾಗಿ, ಸುತ್ತಂಚಿನ ಪಟ್ಟಿಯನ್ನು ಕೌದಿಯ ಸುತ್ತಳತೆಗಿಂತ 12 ಇಂಚು ಹೆಚ್ಚಾಗಿ ಇಟ್ಟುಕೊಳ್ಳಿ. ಬದಲಾಯಿಸಿದ ಅಳತೆಯಲ್ಲಿ ಮೊದಲು ಒಂದೇ ಒಂದು ಬ್ಲಾಕ್ ಹೊಲಿದು, ಇಸ್ತ್ರಿ ಮಾಡಿ, ಅಳೆದು ನೋಡಿ. ಅದು ಲೆಕ್ಕಕ್ಕೆ ಸರಿಬಂದ ಮೇಲೆ ಉಳಿದ ಬಟ್ಟೆಗೆ ಕತ್ತರಿ ಹಾಕಿ.